ಆರನೇ ಚೀಲದ ಬಸವನಹುಳು

ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳನ್ನು ಕಾಯುವ ಗುಮಾಸ್ತರಿಗೆ ಬರೆಯುವ ಚಟ. ಒಂದು ಕೊಡೆ ಸಿಕ್ಕರೆ ಒಂದು ಪುಟ ಪುರಾಣ. ಆಮೇಲೆ ಅದನ್ನು ಹುಡುಕಬೇಕೆಂದರೆ ದೇವರೇ ಗತಿ. ಸಾಫ್ಟ್‌ವೇರ್ ಬರೆಯುವ ಅವರ ತಂಗಿಯ ಮಗಳು ಪುಟ್ಟಿ ಈ ಪುರಾಣಕ್ಕೆ ಕತ್ತರಿ ಹಾಕಿ, ಕಂಪ್ಯೂಟರಿನಲ್ಲಿ ಆರು ಮನೆ ಮಾಡಿಕೊಟ್ಟಿದ್ದಳು: ವಸ್ತು, ಬಣ್ಣ, ಅಳತೆ, ಬಸ್ಸು, ದಿನ, ಚೀಲ.

"ನನ್ನ ಬರವಣಿಗೇನ ಕೊಚ್ಚಿ ಹಾಕಿದೆಯಲ್ಲೇ," ಎನ್ನುತ್ತ ಮಾವ ಎರಡು ತಿಂಗಳು ಮುಖ ಊದಿಸಿಕೊಂಡೇ ಆ ಆರು ಮನೆಗಳನ್ನು ತುಂಬಿದ್ದರು.

ಆ ಮಧ್ಯಾಹ್ನ ಪುಟ್ಟಿಯೂ ಅಲ್ಲಿದ್ದಳು. ತಿಂಗಳು ಕಳೆದರೂ ಯಾರೂ ಕೇಳದ ವಸ್ತುಗಳ ಚೀಲಗಳನ್ನು ಗುಜರಿ ಲಾರಿಗೆ ಏರಿಸುತ್ತಿದ್ದರು. ಅಷ್ಟರಲ್ಲಿ ಹೆಂಗಸೊಬ್ಬರು ಏಳು ವರ್ಷದ ಮಗಳನ್ನು ಎಳೆದುಕೊಂಡು ಓಡಿ ಬಂದರು.

"ಇವಳ ಕಿವಿ ಮಿಷನ್ನು ಸಾರ್! ಹೋದ ತಿಂಗಳು ಐದನೇ ತಾರೀಕು, ಹದಿನಾಲ್ಕನೇ ನಂಬರ್ ಬಸ್ಸಲ್ಲೇ ಬಿದ್ದಿರ್ಬೇಕು. ಮನೆ, ಶಾಲೆ ಎಲ್ಲಾ ಜಾಲಾಡಿಬಿಟ್ವಿ. ಹೊಸದಕ್ಕೆ ಇನ್ನೂ ಐದು ತಿಂಗಳು ಕಾಯ್ಬೇಕಂತೆ. ಪಾಠ ಒಂದಕ್ಷರ ಕೇಳಿಸ್ತಿಲ್ಲ ಇವಳಿಗೆ."

ಮಾವ 'ಕಿವಿ ಮಿಷನ್ನು' ಎಂದು ಹುಡುಕಿದರು. ಒಂದೂ ಇಲ್ಲ. ಹೊರಗೆ ಲಾರಿ ಗುರ್ರೆಂದಿತು.

"ಅಂಥದ್ದು ನನ್ನ ಕಣ್ಣಿಗೇ ಬಿದ್ದಿಲ್ಲಮ್ಮ," ಎಂದರು, ಸಪ್ಪೆ ಮುಖ ಮಾಡಿಕೊಂಡು.

"ಸ್ವಲ್ಪ ಜರುಗಿ ಮಾವ!" ಪುಟ್ಟಿ ಅವರ ಕುರ್ಚಿಯನ್ನೇ ತಳ್ಳಿದಳು. "ಹೆಸರು ಸಿಗದಿದ್ರೆ ಏನಂತೆ? ಬಸ್ಸು ಗೊತ್ತು, ದಿನ ಗೊತ್ತು. ಬಣ್ಣ ಯಾವುದು ಅಕ್ಕಾ?"

"ಕಂದು. ಹೆಬ್ಬೆರಳಿಗಿಂತ ಚಿಕ್ಕದು."

ವಸ್ತುವಿನ ಮನೆಯನ್ನು ಖಾಲಿ ಬಿಟ್ಟು, ಗೊತ್ತಿದ್ದ ನಾಲ್ಕನ್ನು ತುಂಬಿ ಒತ್ತಿದಳು. ಸಾವಿರದೆಂಟು ಸಾಮಾನುಗಳಲ್ಲಿ ಎರಡೇ ಉಳಿದವು. ಒಂದು ಕೋಟಿನ ಗುಂಡಿ. ಇನ್ನೊಂದು ಆಟಿಕೆ ಬಸವನಹುಳು, ಆರನೇ ಚೀಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಮಾವ ಹಣೆ ಚಚ್ಚಿಕೊಂಡರು. "ಬೆನ್ನು ಡುಬ್ಬ, ಬಾಲ ಬೇರೆ ಇತ್ತು. ಮಕ್ಕಳ ಆಟಿಕೆ ಅಂದ್ಕೊಂಡೆ!"

ಮಾವ ಓಡಿದ್ದನ್ನು ಪುಟ್ಟಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇಂದು ಕಂಡಳು. ಲಾರಿ ಗೇಟು ದಾಟುತ್ತಿತ್ತು.

"ನಿಲ್ಲಿಸೋ! ಆರನೇ ಚೀಲ ಇಳಿಸೋ!"

ಚೀಲವನ್ನು ನಡುರಸ್ತೆಯಲ್ಲೇ ಬೋರಲು ಹಾಕಿದರು. ಬಾಚಣಿಗೆ, ಬೀಗದ ಕೈ, ಒಂಟಿ ಕೈಗವಸುಗಳ ನಡುವೆ ಬಸವನಹುಳು ಉರುಳಿ ಬಂತು. ಪುಟ್ಟಿಗೆ ಕುಣಿದುಬಿಡುವಷ್ಟು ಖುಷಿ, ಆದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಪುಕಪುಕ.

ತಾಯಿಯ ಪರ್ಸಿನಲ್ಲಿ ತಿಂಗಳಿಂದ ಒಂದು ಹೊಸ ಬ್ಯಾಟರಿ ಕಾದು ಕೂತಿತ್ತು. ಅದನ್ನು ಹಾಕಿ, ಯಂತ್ರವನ್ನು ಮಗಳ ಕಿವಿಗೆ ಸಿಕ್ಕಿಸಿದರು. ಮಾವ, ಪುಟ್ಟಿ, ಲಾರಿಯವನು ಎಲ್ಲರೂ ಬಗ್ಗಿ, "ಕೇಳಿಸ್ತಾ? ಕೇಳಿಸ್ತಾ?" ಎಂದು ಒಟ್ಟಿಗೇ ಕಿರುಚಿದರು.

ಹುಡುಗಿ ಮುಖ ಸಿಂಡರಿಸಿದಳು.

"ಯಾಕಮ್ಮಾ, ಎಲ್ರೂ ಇಷ್ಟು ಜೋರಾಗಿ ಕೂಗ್ತಿದಾರೆ?"