ಲಕೋಟೆ ಒಡೆದರೆ ಸಾಲ ಒಪ್ಪಿಕೊಂಡಂತೆಯೇ?

ದುಡಿಯಲು ಬಂದ ದೂರದ ನಗರದ ನಾಚಾರಂ ಬಡಾವಣೆಯಲ್ಲಿ, ಬಾಡಿಗೆ ಖೋಲಿಯ ಬಾಗಿಲನ್ನು ಬೆಳಿಗ್ಗೆ ಆರಕ್ಕೇ ಯಾರೋ ದಬದಬ ಬಡಿದರು. ಸುಗಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. ನಿಂತಿದ್ದವನು ಸಾಲ ವಸೂಲಿಯವನು. ನಾಳೆ ಹಣ ಕೊಡದಿದ್ದರೆ ಪೊಲೀಸರನ್ನು ಕರೆತರುತ್ತೇನೆಂದು ಇಡೀ ವಠಾರ ಕೇಳುವಂತೆ ಹಿಂದಿಯಲ್ಲಿ ಕೂಗಿ ಹೋದ.

ಆಮೇಲೆ ಗಂಡ ದ್ಯಾವಪ್ಪ ಬಚ್ಚಲಿನಿಂದ ಹೊರಬಂದ. ನಾಲ್ಕು ಜನರ ನಡುವೆ ಹುಲಿ, ವಸೂಲಿಯವನ ದನಿ ಕೇಳಿದರೆ ಇಲಿ!

"ಗಂಟು ಕಟ್ಟು. ನಾಳಿ ಬಸ್ಸಿಗೆ ಊರಿಗೆ ಹೋಗಿಬಿಡೂಣು."

"ಮಗಳು ಭಾಗ್ಯಶ್ರೀದು ಹತ್ತನೇ ಕ್ಲಾಸಿನ ಪರೀಕ್ಷಾ ಹತ್ತ ದಿನ ಉಳದೈತಿ. ಅಕಿ ಗತಿ?"

"ಮುಂದಿನ ವರ್ಷ ಬರೀತಾಳ ಬಿಡು."

ಊರಿಗೆ ಹೋದ ಹೆಣ್ಣುಮಗಳಿಗೆ ಮುಂದಿನ ವರ್ಷ ಎಂದರೆ ಮದುವೆ. ಅದು ಸುಗಲಮ್ಮನಿಗೆ ತನ್ನ ಬಾಳಿನಿಂದಲೇ ಗೊತ್ತಿತ್ತು.

ದ್ಯಾವಪ್ಪ ಫೈನಾನ್ಸ್ ಕಂಪನಿಯಲ್ಲಿ ನಲವತ್ತು ಸಾವಿರ ಸಾಲ ಮಾಡಿದ್ದ. ಅರ್ಧ ತೀರಿಸಿದ್ದ. ಅಷ್ಟರಲ್ಲಿ ಕಾರ್ಖಾನೆಯ ಮಷೀನಿಗೆ ಕೈ ಸಿಕ್ಕಿ ನಾಲ್ಕು ತಿಂಗಳು ಕೂಲಿ ನಿಂತಿತು, ಕಂತೂ ನಿಂತಿತು. ಕಂಪನಿಯವರು ಫೋನ್ ಮಾಡಿದರೆ ಇವನು ಸಿಮ್ ಬದಲಿಸಿದ. ಕಾಗದ ಬಂದರೆ ಪೋಸ್ಟ್‌ಮನ್‌ಗೆ ಸಹಿ ಹಾಕಿ ಇಸಿದುಕೊಂಡು, ಒಡೆಯದೆ ದೇವರ ಫೋಟೋದ ಹಿಂದೆ ಸೇರಿಸಿದ. ಲಕೋಟೆ ಒಡೆದರೆ ಸಾಲ ಒಪ್ಪಿಕೊಂಡಂತೆ, ಒಡೆಯದಿದ್ದರೆ ಬಂದೇ ಇಲ್ಲವೆನ್ನಬಹುದು ಎಂಬುದು ಅವನ ಕಾನೂನು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಓದು ಕೆಟ್ಟೀತೆಂದು ಮಗಳಿಗೂ ತೋರಿಸಿರಲಿಲ್ಲ.

ಆವತ್ತು ಸುಗಲಮ್ಮ ಆ ಲಕೋಟೆಗಳನ್ನು ರೊಟ್ಟಿ ಬುಟ್ಟಿಯಲ್ಲಿ ಹಾಕಿಕೊಂಡು ಅದೇ ನಗರದ ಹಿಮಾಯತ್‌ನಗರಕ್ಕೆ ಹೋದಳು. ಅಲ್ಲಿನ ಗಂಗೂಬಾಯಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಇವಳ ರೊಟ್ಟಿಯ ಗಿರಾಕಿ.

"ಬಾಯಾರ, ನಾಳಿಂದ ರೊಟ್ಟಿ ಇಲ್ರಿ," ಎನ್ನುವಷ್ಟರಲ್ಲಿ ಅಳು ಬಂದುಬಿಟ್ಟಿತು. ಎಲ್ಲ ಹೇಳಿದಳು.

ಗಂಗೂಬಾಯಿ ಕನ್ನಡಕ ಏರಿಸಿ ಒಂದೊಂದೇ ಲಕೋಟೆ ಒಡೆದರು. ಒಂದು ಕಂಪನಿಯ ಪತ್ರ, ಒಂದು ವಕೀಲರ ನೋಟಿಸು. ಮೂರನೆಯದನ್ನು ಓದಿ ನಕ್ಕರು.

"ಹುಚ್ಚಿ, ಇದು ಲೋಕ ಅದಾಲತ್‌ದ್ದು. ಶನಿವಾರ ಬರ್ರಿ, ಕೂತು ಮಾತಾಡಿ ರಾಜಿ ಆಗ್ರಿ ಅಂತ ಕರದಾರ. ಇದನ್ನ ಒಡೀದೆ ಇಟ್ಟೀರಲ್ಲ!"

"ಪೊಲೀಸ್ರು ಹಿಡಿಯೂದಿಲ್ಲೇನ್ರಿ?"

"ಕಂತು ಕಟ್ಟಲಿಲ್ಲ ಅನ್ನೋ ಒಂದ ಕಾರಣಕ್ಕ ಹಿಡಿಯಂಗಿಲ್ಲ. ಕೊಟ್ಟ ಚೆಕ್ ಬೌನ್ಸ್ ಆಗಿದ್ರ ಮಾತು ಬ್ಯಾರೆ. ಆದ್ರ ಓಡಿಹೋದ್ರ ಸಾಲ ಬಿಡ್ತದೇನು? ಬಡ್ಡಿ, ದಂಡ ಬೆಳೀತಾವ. ಸಾಲ ಹೆಂಗ ತೀರಿಸೀರಿ ಅಂತ ತೋರಸೋ ಸಿಬಿಲ್ ಅಂಕಿ ಕೆಡ್ತದ, ನಾಳೆ ಮಗಳ ಓದಿಗೆ ಸಾಲ ಕೇಳಿದ್ರ ಬ್ಯಾಂಕಿನವರು ಹಿಂದುಮುಂದು ನೋಡ್ತಾರ. ಕೋರ್ಟಿಗೆ ಹೋದ್ರ ನೀವಿಲ್ಲದ ಹೊತ್ತಿನಾಗ ತೀರ್ಪು ಆಗ್ತದ. ಮತ್ತ ಕೇಳು, ವಸೂಲಿಯವರು ಮುಂಜಾನಿ ಎಂಟರ ಮೊದಲು, ಸಂಜಿ ಏಳರ ಮ್ಯಾಲೆ ಬರೂಹಂಗಿಲ್ಲ, ಬೈದು ಹೆದರಸೂಹಂಗಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಅದ."

ಮನೆಗೆ ಬಂದು ಹೇಳಿದರೆ ದ್ಯಾವಪ್ಪ ಒಪ್ಪಲಿಲ್ಲ. "ಕೋರ್ಟಿಗೆ ಕಾಲಿಟ್ರ ಒಳಗ ಹಾಕ್ತಾರ!"

"ನೀ ಬೇಕಾದ್ರ ಓಡು," ಅಂದಳು ಸುಗಲಮ್ಮ. "ನಾನು ನನ್ನ ಮಗಳು ಇಲ್ಲೇ ಇರ್ತೀವಿ. ಅಕಿ ಪರೀಕ್ಷಾ ಬರೀತಾಳ."

ಮರುದಿನ ಆರಕ್ಕೆ ವಸೂಲಿಯವನು ಮತ್ತೆ ಬಾಗಿಲು ಬಡಿದ. ಸುಗಲಮ್ಮ ಸೆರಗು ಸಿಕ್ಕಿಸಿ ಎದುರು ನಿಂತಳು. ತನ್ನ ಹರಕುಮುರುಕು ಹಿಂದಿಯಲ್ಲೇ ಜಾಡಿಸಿದಳು: ಎಂಟರ ಮೇಲೆ ಬಾ, ಗುರುತಿನ ಕಾರ್ಡು, ಕಂಪನಿಯ ಪತ್ರ ತಗೊಂಡು ಬಾ, ಕೈಗೆ ಒಂದು ರೂಪಾಯಿ ಕೊಡುವುದಿಲ್ಲ, ಶನಿವಾರ ಅದಾಲತ್ತಿಗೆ ನಾವೇ ಬರುತ್ತೇವೆ. ಅವನು ಮೆಲ್ಲಗೆ ಜಾಗ ಖಾಲಿ ಮಾಡಿದ. ವಠಾರದ ಹೆಂಗಸರು ಚಪ್ಪಾಳೆ ಹೊಡೆದರು. ದ್ಯಾವಪ್ಪ ಬಚ್ಚಲ ಬಾಗಿಲಲ್ಲಿ ನಿಂತು ಹೆಂಡತಿಯನ್ನೇ ನೋಡಿದ. ರಾತ್ರಿ ಕಟ್ಟಿಟ್ಟಿದ್ದ ಗಂಟನ್ನು ತಾನೇ ಬಿಚ್ಚಿದ.

ಶನಿವಾರ ಗಂಡಹೆಂಡತಿ ಅದಾಲತ್ತಿಗೆ ಹೋದರು. ಕಂಪನಿಯವರು ಮೂವತ್ತೆಂಟು ಸಾವಿರ ಕೇಳಿದರು. ಸುಗಲಮ್ಮ ಆಸ್ಪತ್ರೆಯ ಚೀಟಿಗಳನ್ನು ಮುಂದಿಟ್ಟಳು. ದ್ಯಾವಪ್ಪ ಗಾಯದ ಕೈ ತೋರಿಸಿ, "ಕೊಡೂದಿಲ್ಲ ಅನ್ನಂಗಿಲ್ರಿ, ಇಷ್ಟಿಷ್ಟ ಕೊಡ್ತೀನ್ರಿ," ಅಂದ. ದಂಡವೆಲ್ಲ ಹೋಯಿತು. ಇಪ್ಪತ್ನಾಲ್ಕು ಸಾವಿರ, ತಿಂಗಳಿಗೆ ಮೂರು ಸಾವಿರದಂತೆ ಎಂಟು ಕಂತು. ಎಲ್ಲ ಬರಹದಲ್ಲಿ.

"ಕಡಿಮಿ ಮಾಡಿಸಿ ತೀರಿಸಿದ್ದು ಸಿಬಿಲ್‌ನಾಗ ಸ್ವಲ್ಪ ವರ್ಷ ಕಾಣ್ತದ," ಎಂದು ಗಂಗೂಬಾಯಿ ಮೊದಲೇ ಎಚ್ಚರಿಸಿದ್ದರು. "ಆದ್ರೂ ತೀರಿಸದೆ ಬಿಡೋದಕ್ಕಿಂತ ಮೇಲು. ಕಡೀ ಕಂತು ಕಟ್ಟಿದ ಮ್ಯಾಲೆ ಬಾಕಿ ಇಲ್ಲಂತ ಪತ್ರ ಇಸ್ಕೋರಿ."

ಪರೀಕ್ಷೆಯ ಮೊದಲ ದಿನ ಮಗಳನ್ನು ಕೇಂದ್ರದ ಗೇಟಿಗೆ ಬಿಟ್ಟದ್ದು ದ್ಯಾವಪ್ಪನೇ. ಹಳೆಯ ಸಿಮ್ಮನ್ನೂ ಮತ್ತೆ ಫೋನಿಗೆ ಹಾಕಿದ್ದ. ಗೇಟಿನ ಒಳಗೆ ನಡೆದ ಮಗಳನ್ನು ನೋಡಿ, ಜೊತೆಗೆ ಹೋಗಿದ್ದ ಸುಗಲಮ್ಮನಿಗೆ ತಾನೇ ಪರೀಕ್ಷೆ ಪಾಸಾದಷ್ಟು ಹೆಮ್ಮೆಯಾಯಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಷ್ಟ ಬಂದು ಕಂತು ತಪ್ಪಿದರೆ ಬಚ್ಚಲು ಸೇರಬೇಡಿ, ಊರು ಬಿಡಬೇಡಿ. ಬಂದ ಕಾಗದ ಓದಿಸಿ. ಕಂಪನಿಯೊಂದಿಗೆ ಮಾತಾಡಿ, ಕಟ್ಟಿದ್ದಕ್ಕೆಲ್ಲ ರಸೀದಿ ಪಡೆಯಿರಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಸಾಲ ನಿಮ್ಮದು, ತೀರಿಸುವುದೂ ನಿಮ್ಮ ಹೊಣೆ. ಆದರೆ ನಿಮ್ಮ ಮಾನವನ್ನು ಯಾರಿಗೂ ಅಡವಿಟ್ಟಿಲ್ಲ, ತಲೆ ಎತ್ತಿಯೇ ತೀರಿಸಿ.