ಮೂರನೇ ಮಹಡಿಯ ಲಿಫ್ಟು

ಆ ಕಟ್ಟಡ ಹುಡುಕುತ್ತಾ ಲಿಫ್ಟ್ ಮೆಕ್ಯಾನಿಕ್ ಬೀದಿಯನ್ನು ಮೂರು ಸಲ ಸುತ್ತಿದ. ಕುಡಿತ ಬಿಡುವವರ ಸಭೆಗೆ ಯಾರಾದರೂ ಬೋರ್ಡು ಹಾಕುತ್ತಾರೆಯೇ? ಕೆಳಗೆ ಚಪ್ಪಲಿ ಅಂಗಡಿ, ಮೂರನೇ ಮಹಡಿಯಲ್ಲಿ ಮಕ್ಕಳ ಟ್ಯೂಷನ್ ಕೋಣೆ, ಸಂಜೆ ಅಲ್ಲೇ ಸಭೆ ಎಂದು ಹೆಂಡತಿ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಳು. ಇವನು ಸುತ್ತಿದ್ದು ದಾರಿ ತಪ್ಪಿ ಅಲ್ಲ, ಸುಳ್ಳು ಯಾಕೆ ಹೇಳಬೇಕು. ಚಪ್ಪಲಿ ಅಂಗಡಿ ಮೊದಲ ಸುತ್ತಿನಲ್ಲೇ ಕಣ್ಣಿಗೆ ಬಿದ್ದಿತ್ತು.

ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ತಿಂಗಳಾಗಿತ್ತು. ಬೆಳಿಗ್ಗೆ ಫೋನಿನಲ್ಲಿ ಅವಳು ಕೂಗಾಡಲಿಲ್ಲ, ಅವನಿಗೆ ಭಯ ಹುಟ್ಟಿಸಿದ್ದೇ ಅದು.

"ಸಭೆ ನಡೆಸೋ ಮೇಷ್ಟ್ರ ಹತ್ರ ಮಾತಾಡಿದೀನಿ. ಇವತ್ತು ಒಂದು ಸಲ ಹೋಗಿ ಕೂತ್ಕೊಳ್ಳಿ, ಸಾಕು. ಕೂತ್ರೆ ನಾಳೆ ಮಗೂನ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಆಮೇಲೆ ನನ್ನ ಕೇಳ್ಬೇಡಿ."

ಅವನು ಮಗಳ ಮೇಲೆ ಆಣೆ ಇಟ್ಟು ಹೋಗ್ತೀನಿ ಅಂದಿದ್ದ. ಆಣೆಗಳಿಗೇನು ಬರ, ಆ ಮನೆಯಲ್ಲಿ ಪಾತ್ರೆಗಳಿಗಿಂತ ಆಣೆಗಳೇ ಹೆಚ್ಚಿದ್ದವು. ಆದರೆ ಈ ಸಲ ಅವನಿಗೆ ನಿಜವಾಗಿಯೂ ಮಗಳು ಬೇಕಾಗಿದ್ದಳು. ಬೆಳಿಗ್ಗೆಯಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ, ಕೈ ನಡುಗುತ್ತಿತ್ತು.

ಕೆಲಸದಿಂದ ನೇರ ಬಂದವನು. ಮೈಮೇಲೆ ಲಿಫ್ಟ್ ಕಂಪನಿಯ ಅಂಗಿ, ಹೆಗಲಲ್ಲಿ ಸಾಮಾನಿನ ಚೀಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತರೆ, ಟ್ಯೂಷನ್ ಕೋಣೆಯ ಬಾಗಿಲಲ್ಲಿ ಮಂಡಿ ನೀವಿಕೊಳ್ಳುತ್ತಿದ್ದ ಮುದುಕರೊಬ್ಬರ ಮುಖ ಅರಳಿತು.

"ಅಂತೂ ಬಂದ್ಯಲ್ಲಪ್ಪ. ನಿನ್ನನ್ನೇ ಕಾಯ್ತಾ ಇದ್ವಿ."

ಇವರೇ ಮೇಷ್ಟ್ರು. ತಾನು ಯಾರೆಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವರು ಪಕ್ಕದ ಲಿಫ್ಟಿನ ಕಡೆ ಕೈ ತೋರಿಸಿದರು.

"ದೂರು ಕೊಟ್ಟು ವಾರ ಆಯ್ತು. ಈ ಮಂಡಿ ಇಟ್ಕೊಂಡು ಇಷ್ಟು ಮೆಟ್ಟಿಲು ಹತ್ತೋ ಅಷ್ಟರಲ್ಲಿ ಪ್ರಾಣ ಬಾಯಿಗೆ ಬರುತ್ತೆ ಕಣಪ್ಪ."

ನಾನು ಅದಕ್ಕೆ ಬಂದವನಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಪುಣ್ಯಾತ್ಮನಿಗೆ ಹೋದ ಜೀವ ಬಂದ ಹಾಗಾಯಿತು. "ನೋಡ್ತೀನಿ ಸಾರ್" ಅಂದು ಚೀಲ ಇಳಿಸಿಯೇಬಿಟ್ಟ. ಮೇಷ್ಟ್ರು ಸಭೆಗೆಂದು ಒಳಗೆ ಹೋದರು.

ಬಾಗಿಲು ಜಾರುವ ಹಳಿಯಲ್ಲಿ ಒಂದು ಕಲ್ಲಿನ ಚೂರು ಸಿಕ್ಕಿಕೊಂಡಿತ್ತು. ಬಾಗಿಲು ಪೂರ್ತಿ ಮುಚ್ಚದಿದ್ದರೆ ಲಿಫ್ಟು ಕದಲುವುದಿಲ್ಲ, ಅಷ್ಟೇ ವಿಷಯ. ಸ್ಕ್ರೂಡ್ರೈವರಿನ ತುದಿಯಿಂದ ಚೂರನ್ನು ಎಬ್ಬಿಸಿ ಜೇಬಿಗೆ ಹಾಕಿಕೊಂಡ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಹಳಿ ಒರೆಸಿದ, ರೋಲರಿಗೆ ಎಣ್ಣೆ ಬಿಟ್ಟ, ಬಿಗಿಯಾಗಿಯೇ ಇದ್ದ ಸ್ಕ್ರೂಗಳನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿದ. ಕೆಲಸ ಹಿಡಿದ ಮೇಲೆ ಕೈ ನಡುಗುವುದೂ ನಿಂತಿತ್ತು. ಇದೊಂದು ಮುಗಿಸಿ ಒಳಗೆ ಹೋಗ್ತೀನಿ, ಇದೊಂದೇ ಮುಗಿಸಿ ಅಂತ ತನಗೆ ತಾನೇ ಹೇಳಿಕೊಳ್ಳುತ್ತಲೇ ಇದ್ದ. ಬಾರಿನಲ್ಲಿ ಕೂತು ಹೇಳಿಕೊಳ್ಳುತ್ತಿದ್ದದ್ದೂ ಇದೇ ಮಾತು.

ಒಳಗಿನಿಂದ ಗಂಡಸಿನ ದನಿ ಕೇಳಿತು. "ನನ್ನ ಮಗ ನನ್ನ ಎದುರಿಗೆ ಊಟಕ್ಕೆ ಕೂರಲ್ಲ." ಆಮೇಲೆ ಅಳು. ಸುಮ್ಮನಿರಪ್ಪ ಎಂದು ಯಾರೂ ಅನ್ನಲಿಲ್ಲ. ಮೆಕ್ಯಾನಿಕ್ ಸುತ್ತಿಗೆ ತೆಗೆದು, ಏನೂ ಆಗದ ಕಬ್ಬಿಣಕ್ಕೆ ನಾಲ್ಕು ಏಟು ಹಾಕಿದ. ಆ ಅಳು ಕಿವಿಗೆ ಬೀಳುವುದು ಅವನಿಗೆ ಬೇಡವಾಗಿತ್ತು.

ಕೊನೆಗೆ ಕುರ್ಚಿ ಎಳೆಯುವ ಸದ್ದಾಯಿತು. ಸಭೆ ಮುಗಿದಿತ್ತು. ಉಳಿದವರು ಮೆಟ್ಟಿಲಿಳಿದರು, ಮೇಷ್ಟ್ರು ಮಾತ್ರ ಅವನ ಜೊತೆ ಲಿಫ್ಟು ಹತ್ತಿದರು. ಬಾಗಿಲು ಮುಚ್ಚುತ್ತಿದ್ದಂತೆ ಫೋನು ಹಚ್ಚಿದರು. ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿಕೊಂಡೇ ಮಾತಾಡುವ ಅಭ್ಯಾಸ.

"ಇಲ್ಲಮ್ಮ, ನಿಮ್ಮ ಯಜಮಾನ್ರು ಬರ್ಲಿಲ್ಲ. ಕೊನೇವರೆಗೂ ಕುರ್ಚಿ ಹಾಕಿಟ್ಟು ಕಾದ್ವಿ."

"ಗೊತ್ತಿತ್ತು ಸಾರ್." ಅವಳ ದನಿಯೇ. "ಮಗು ಮಾತ್ರ ಬಟ್ಟೆಯೆಲ್ಲ ಬ್ಯಾಗಿಗೆ ತುಂಬ್ಕೊಂಡು ಕೂತಿದೆ. ಅದಕ್ಕೇನು ಹೇಳ್ಲಿ?"

ಕೈಯಳತೆಯಲ್ಲಿ ಫೋನು. ನಾನಿಲ್ಲೇ ಇದೀನಿ ಅಂದರೆ ಸಾಕಿತ್ತು. ಅವನು ಜೇಬಿನಲ್ಲಿದ್ದ ಕಲ್ಲಿನ ಚೂರನ್ನು ಬೆರಳಲ್ಲಿ ತಿರುವುತ್ತಾ ನಿಂತ. ಲಿಫ್ಟು ಕೆಳಗೆ ಬಂತು, ಬಾಗಿಲು ಸಲೀಸಾಗಿ ತೆರೆದುಕೊಂಡಿತು. "ನಿನ್ನ ಕೈಗುಣ ಚೆನ್ನಾಗಿದೆಯಪ್ಪ" ಎಂದು ಮೇಷ್ಟ್ರು ಬೆನ್ನು ತಟ್ಟಿ, ಕುಂಟುತ್ತಾ ಹೊರಟರು.

ಚಪ್ಪಲಿ ಅಂಗಡಿಯ ಮುಂದೆ ನಿಂತು ಅವನು ಹೆಂಡತಿಗೆ ಫೋನು ಮಾಡಿದ.

"ನಾನು ಅಲ್ಲೇ ಇದ್ದೆ ಕಣೇ."

"ಈಗ ತಾನೇ ಮೇಷ್ಟ್ರನ್ನ ಕೇಳ್ದೆ."

"ಬಾಗಿಲ ಹೊರಗಿದ್ದೆ. ಲಿಫ್ಟು ರಿಪೇರಿ ಮಾಡ್ತಿದ್ದೆ. ನಿಜವಾಗ್ಲೂ."

ಅವಳು ನಕ್ಕಳು. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಎಷ್ಟು ಅಂತ ರೈಲು ಬಿಡ್ತೀರಿ?"

ಮದುವೆಯಾದಾಗಿನಿಂದ ಅವನು ಹೇಳಿದ ಸುಳ್ಳುಗಳನ್ನೆಲ್ಲ ಒಂದಲ್ಲ ಒಂದು ದಿನ ಅವಳು ನಂಬಿದ್ದಳು. ನಿಜ ಹೇಳಿದ ದಿನ ನಂಬಿಕೆ ಖಾಲಿಯಾಗಿತ್ತು.

"ಬೇಕಾದ್ರೆ ಅವರನ್ನೇ ಕೇಳು" ಅಂದ.

"ಹಾಗಾದ್ರೆ ಅವರ ಕೈಗೆ ಕೊಡಿ ಫೋನು. ಕಾಯ್ತೀನಿ."

ಅವನು ಓಡಿದ. ಬೀದಿಯ ತಿರುವಿನಲ್ಲಿ ಮೇಷ್ಟ್ರನ್ನು ಹಿಡಿದ. "ಸಾರ್" ಅಂದ. ಫೋನು ಚಾಚಬೇಕಿತ್ತು. ಚಾಚುವ ಮೊದಲು, ನೀವು ಕಾದಿದ್ದು ನನಗೇ, ಆ ಕುರ್ಚಿ ನಂದು ಅನ್ನಬೇಕಿತ್ತು. ಸಂಜೆಯೆಲ್ಲ ಸುತ್ತಿಗೆ ಹಿಡಿದು ತಪ್ಪಿಸಿಕೊಂಡಿದ್ದು ಅದೇ ಮಾತಿನಿಂದ.

ಮೇಷ್ಟ್ರು ತಿರುಗಿ ನೋಡಿದರು. "ಯಾಕಪ್ಪ, ಮತ್ತೆ ಕೆಟ್ಟು ನಿಂತ್ಕೊಳ್ತಾ?"

"ಇಲ್ಲ ಸಾರ್" ಅಂದ. "ಏನೂ ತೊಂದ್ರೆ ಇಲ್ಲ. ಎಲ್ಲ ಸರಿಯಾಗಿದೆ."

ಅವರು ತಲೆಯಾಡಿಸಿ ಮುಂದೆ ಹೋದರು. ಅವನು ಫೋನನ್ನು ಕಿವಿಗಿಟ್ಟುಕೊಂಡಾಗ ಅದು ಕಟ್ಟಾಗಿತ್ತು.