ಮಂಡೆ ಸಮ ಉಂಟು

"ಏಳ್ತೀಯಾ ಬೇವರ್ಸಿ, ಇಲ್ಲ ಹೆಣಕ್ಕೆ ಹಾರ ತರ್ಲಿಕ್ಕೆ ಹೇಳ್ಬೇಕಾ?"

ವಿಟ್ಲದ ಮೈದಾನದಲ್ಲಿ, ಕಬಡ್ಡಿ ಕೋರ್ಟಿನ ಹೊರಗೆ ಬಿದ್ದಿದ್ದ ಹುಕ್ರಪ್ಪನ ಮುಖಕ್ಕೆ ಧರ್ಣಪ್ಪ ಧಣಿ ಬಾಟ್ಲಿ ನೀರು ಎರಚಿದ. ಎರಚಿದ್ದೂ ಮಾರು ದೂರ ನಿಂತು. ಧಣಿಯ ಕೆಂಪುಕಲ್ಲಿನ ಕೋರೆಯಲ್ಲಿ ಹುಕ್ರಪ್ಪ ಕಲ್ಲು ಹೊರುವವನು, ಧಣಿಯ ತಂಡಕ್ಕೆ ರೈಡರ್. ಗೆದ್ದ ದಿನವೂ ಧಣಿ ಅವನಿಗೆ ಶಾಲು ಹೊದಿಸಿದ್ದಿಲ್ಲ. ಕೈ ತಾಗದ ಹಾಗೆ ಎಸೆಯುತ್ತಿದ್ದ, ಎಮ್ಮೆಯ ಬೆನ್ನಿಗೆ ಗೋಣಿ ಎಸೆದಂತೆ. ಎಸೆದು, ಈಗೆಲ್ಲ ಜಾತಿ ಎಲ್ಲುಂಟು ಎಂದು ಮೈಕಿನಲ್ಲಿ ಭಾಷಣವನ್ನೂ ಬಿಗಿಯುತ್ತಿದ್ದ.

ಮೊದಲು ಕಕ್ಕಿಂಜೆಯಲ್ಲಿ, ಆಮೇಲೆ ಮೂಡುಬಿದಿರೆಯಲ್ಲಿ ಯಾರದೋ ಮೊಣಕಾಲು ತಲೆಗೆ ಬಡಿದು ಹುಕ್ರಪ್ಪ ವಾಂತಿ ಮಾಡಿದ್ದ. ಈಗ ಕಲ್ಲು ಎತ್ತಿದರೆ ಕಣ್ಣು ಕತ್ತಲೆ. ಮೊನ್ನೆ ಮಗಳು ಸುರಕ್ಷಾಳನ್ನು ಕರೆಯಲು ಹೋದರೆ ಹೆಸರೇ ಬಾಯಿಗೆ ಬರಲಿಲ್ಲ. ಇನ್ನೊಂದು ಪೆಟ್ಟು ಬಿದ್ದರೆ ಏಳಲಿಕ್ಕಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಇವತ್ತು ಆ ಪೆಟ್ಟೂ ಬಿದ್ದಿತ್ತು, ಪುಣ್ಯಕ್ಕೆ ಅರ್ಧ.

"ಧಣಿ, ಒಂದೊಂದು ಎರಡೆರಡು ಕಾಣ್ತದೆ. ನನ್ನನ್ನು ಬಿಡಿ."

"ಎರಡು ಕಂಡ್ರೆ ಇಬ್ಬರನ್ನೂ ಮುಟ್ಟಿ ಬಾ ಮಾರಾಯ, ಎರಡು ಪಾಯಿಂಟು. ಇಳಿಯದಿದ್ರೆ ನಾಳೆಯಿಂದ ಕೋರೆಗೆ ಬರ್ಬೇಡ. ಇರ್ಲಿಕ್ಕೆ ಕೊಟ್ಟ ಶೆಡ್ಡೂ ಖಾಲಿ ಮಾಡು."

ಜನರ ನಡುವಿನಿಂದ ಹೆಂಡತಿ ಅಮ್ಮಣ್ಣಿ ಎದ್ದು ಬಂದಳು. "ಇವ್ರು ಸತ್ರೆ ನೀವು ಚಡ್ಡಿ ಹಾಕಿ ಆಡ್ತೀರಾ ಧಣಿ?"

ಧಣಿ ಅವಳತ್ತ ನೋಡದೆ ಮೈಕು ಕಿತ್ತುಕೊಂಡ. "ಬಂಧುಗಳೇ, ನಮ್ಮ ಹುಕ್ರಪ್ಪನಿಗೆ ಏನೂ ಆಗ್ಲಿಲ್ಲ. ಮಂಡೆ ಸಮ ಉಂಟು. ನಾನು ಗ್ಯಾರಂಟಿ."

ಚಪ್ಪಾಳೆಯೋ ಚಪ್ಪಾಳೆ. ಗ್ಯಾರಂಟಿ ಕೊಟ್ಟವನು ಮೈಕು ಹಿಡಿದುಕೊಂಡೇ ಹೋಗಿ ಎದುರಿನ ಸೋಫಾದಲ್ಲಿ ಕುಳಿತ. ಗ್ಯಾರಂಟಿಯ ಮಾಲು ಕೋರ್ಟಿಗೆ ಇಳಿಯಿತು.

ಹುಕ್ರಪ್ಪ ನೆಲ ಮುಟ್ಟಿ ಹಣೆಗೊತ್ತಿಕೊಂಡು, "ಕಬಡ್ಡಿ, ಕಬಡ್ಡಿ" ಎನ್ನುತ್ತ ನಡುಗೆರೆ ದಾಟಿದ. ಎದುರಾಳಿಗಳು ಕೈ ಕೈ ಹಿಡಿದು ಕಾದರು. ಅವರನ್ನು ಅವನು ಮೂಸಿಯೂ ನೋಡಲಿಲ್ಲ. ನೆಟ್ಟಗೆ ಬದಿಯ ಗೆರೆ ದಾಟಿದ. ರೆಫ್ರಿ "ಔಟ್" ಎಂದು ಸೀಟಿ ಊದಿದರೂ ಉಸಿರು ಬಿಡದೆ ಸೋಫಾದವರೆಗೆ ನಡೆದು, ಕೆಂಪು ಮಣ್ಣು ಮೆತ್ತಿದ ಅಂಗೈಯನ್ನು ಧಣಿಯ ಬೋಳು ಮಂಡೆಯ ಮೇಲಿಟ್ಟು ಒತ್ತಿದ.

"ಥೂ, ನಿನ್ನ ಜಾತಿಯವ ನನ್ನನ್ನು ಮುಟ್ಟೂದಾ?"

ಮೈಕು ಆಫ್ ಆಗಿರಲಿಲ್ಲ. ಮೈದಾನಕ್ಕೆ ಮೈದಾನವೇ ಕೇಳಿಸಿಕೊಂಡಿತು.

"ಧಣಿಯೂ ಔಟ್," ಎಂದು ಹುಕ್ರಪ್ಪ ರೆಫ್ರಿಗೆ ಹೇಳಿದ.

"ಹಿಡೀರಿ ಅವನನ್ನು, ಮಂಡೆ ಸಮ ಇಲ್ಲ ಅವನಿಗೆ."

"ಈಗ ತಾನೇ ಗ್ಯಾರಂಟಿ ಕೊಟ್ಟಿರಲ್ಲ," ಎಂದಳು ಅಮ್ಮಣ್ಣಿ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ. ಧಣಿಯ ಹೆಸರಿದ್ದ ಬನಿಯನ್ನು ಕಳಚಿ ಹುಕ್ರಪ್ಪ ದೂರದಿಂದಲೇ ಅವನ ಹೆಗಲಿಗೆ ಎಸೆದ.

"ಶೆಡ್ಡು ಖಾಲಿ ಮಾಡುವ," ಎಂದ ಹೆಂಡತಿಗೆ.

ಗೇಟಿನ ಬಳಿ ಚರುಮುರಿ ತಿನ್ನುತ್ತ ಮಗಳು ಆಚೆ ತಿರುಗಿ ನಿಂತಿದ್ದಳು. ಕರೆಯಲು ಹುಕ್ರಪ್ಪ ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಅಮ್ಮಣ್ಣಿ ಹೆಸರು ಹೇಳಿಕೊಡಲಿಲ್ಲ, ಕಾದಳು.